ಕೇಳದ ಪ್ರಶ್ನೆಗೆ ಕೊಡಬೇಕಾದ ಉತ್ತರ



ಕೊಡುವುದು ಕೊಳ್ಳುವುದು ಇದ್ದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಮಾರಲು ನಿಂತ ವಸ್ತುವಿನಲ್ಲಿ ನಮಗಷ್ಟೇ ಗೊತ್ತಿರುವ ಒಂದು ದೋಷವಿದೆ. ಕೊಳ್ಳಲು ಬಂದವರು ಅದರ ಬಗ್ಗೆ ಕೇಳಲಿಲ್ಲ. ಅವರು ಕೇಳದಿರುವಾಗ ನಾವಾಗಿಯೇ ಹೇಳಬೇಕೆ? ಹೇಳದೆ ಸುಮ್ಮನಿದ್ದರೆ ಅದು ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆಯೆ, ಇಲ್ಲವೆ?

ಒಕ್ಕಲುತನ ಮಾಡುವವರಿಗೂ ವ್ಯಾಪಾರ ಮಾಡುವವರಿಗೂ ಇದು ಹೊಸ ಪ್ರಶ್ನೆಯಲ್ಲ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆದರೆ ಮಟಮಟ ಮಧ್ಯಾಹ್ನ ನೊಗ ಹೊತ್ತುಕೊಂಡೇ ಮಲಗಿಬಿಡುವ ಗುಣ ಹಲ್ಲಿನಲ್ಲಿ ಕಾಣುವುದಿಲ್ಲ. ದಾಳಿಂಬೆಯ ಪೆಟ್ಟಿಗೆಯಲ್ಲಿ ಮೇಲಿನ ಸಾಲು ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ. ಬೇಸಿಗೆಯಲ್ಲಿ ಬತ್ತಿಹೋಗುವ ಬೋರು, ಮಳೆಗಾಲದಲ್ಲಿ ಹೊಲ ನೋಡಲು ಬಂದವರ ಮುಂದೆ ಭರ್ತಿ ನೀರು ಕೊಡುತ್ತದೆ. ಇಂಥ ಕಡೆಯೆಲ್ಲ ನಮ್ಮ ಬಾಯಿಂದ ಬರುವ ಮಾತು ಒಂದೇ: “ನಾವೇನೂ ಸುಳ್ಳು ಹೇಳಿಲ್ಲವಲ್ಲ!”

ಈ ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ. ನಮ್ಮ ಮನೆಯ ಹಳೆಯ ಜೀಪಿನ ಮುಂದಿನ ಬಲಗಾಲಿ ಅದನ್ನು ಕಲಿಸಿತು. ಆ ಪ್ರಸಂಗದಲ್ಲಿ ನಮ್ಮ ಹಿರಿಮೆ ಏನೂ ಇಲ್ಲ. ಆದರೂ ಅದನ್ನು ಇದ್ದಂತೆಯೇ ಇಲ್ಲಿ ಹೇಳುತ್ತೇವೆ.

ನಮ್ಮದು ಜತ್ತ ತಾಲೂಕಿನ ಗಡಿಯಂಚಿನ ಒಂದು ಹಳ್ಳಿ. ಅಣ್ಣತಮ್ಮಂದಿರು ಮೂವರು ಕೂಡಿ ಬಾಳುವ ಮನೆತನ. ಊರಿನಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಎರಡು ಹಳ್ಳಗಳಿವೆ. ಮಳೆಯಾಯಿತೆಂದರೆ ಎರೆಮಣ್ಣಿನ ರಾಡಿ ಮೊಣಕಾಲುದ್ದ. ಆದಕಾರಣ ನಾಲ್ಕೂ ಗಾಲಿಗಳಿಗೆ ಎಳೆತ ಕೊಡುವ, ವಿಲ್ಲಿಸ್ ಮಾದರಿಯ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದೆವು. ಈ ಮಾದರಿಯ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸ 1940ರ ದಶಕದ ಕೊನೆಯಲ್ಲಿ ಶುರುವಾಯಿತು. ಮುಂದೆ ಅದೇ ಮೈಕಟ್ಟಿನ ವಾಹನಗಳು ದಶಕಗಟ್ಟಲೆ ನಮ್ಮ ಹಳ್ಳಿಗಳ ದಾರಿ ಸವೆಸಿದ್ದನ್ನು ಹಿರಿಯ ಓದುಗರು ಬಲ್ಲರು. ರಾಡಿಯಲ್ಲಿ ಸಿಕ್ಕ ಟ್ರ್ಯಾಕ್ಟರ್ ಟ್ರೇಲರನ್ನು ಸಹ ನಮ್ಮ ಜೀಪು ಎಳೆದು ಹಾಕಿದ್ದುಂಟು.

2006ನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆಯ ಮುಂದಿನ ಗಾಲಿಯಿಂದ ಗುರ್ರೆಂಬ ಸಪ್ಪಳ ಬರತೊಡಗಿತು. ಬ್ರೇಕು ಒತ್ತಿದರೆ ಜೀಪು ಒಂದು ಮಗ್ಗುಲಿಗೆ ಎಳೆಯುತ್ತಿತ್ತು. ಓಡಿಸಿ ಬಂದು ಗಾಲಿಯ ನಡುವಿನ ಹಬ್ ಮೇಲೆ ಕೈಯಿಟ್ಟರೆ, ಎಡಗಡೆಯದಕ್ಕಿಂತ ಬಲಗಡೆಯದು ಹೆಚ್ಚು ಕಾದಿರುತ್ತಿತ್ತು. ತಾಲೂಕಿನ ಊರಲ್ಲಿ ನಮ್ಮ ಪರಿಚಯದ ಮಿಸ್ತ್ರಿಯೊಬ್ಬರಿದ್ದರು. ಅವರ ಗ್ಯಾರೇಜಿಗೆ ಒಯ್ದೆವು.

ಮಿಸ್ತ್ರಿ ಜಾಕ್ ಹಚ್ಚಿ ಗಾಲಿ ಎತ್ತಿದರು. ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಹಿಂದೆಮುಂದೆ ಅಲುಗಿಸಿದರು. ಗಾಲಿ ಅಲುಗಾಡಿತು. ನಮ್ಮ ತಮ್ಮನಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು. ಈ ಸಲ ಅಲುಗಾಟ ನಿಂತಿತು. ಬ್ರೇಕು ಒತ್ತಿದಾಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನಲ್ಲಿದೆ. ಒತ್ತಿದ ಮೇಲೂ ಉಳಿದರೆ ಅದು ಗಾಲಿಯನ್ನು ಎಡಬಲಕ್ಕೆ ಹೊರಳಿಸುವ ಕೀಲಿನ ಕಡೆಯದು. ಇದನ್ನು ಅವರು ನಮಗೆ ಬಿಡಿಸಿ ಹೇಳಿ, “ಇಷ್ಟ ಹೊರಗಿಂದ ತಿಳಿತೈತ್ರಿ ಮಾಲಕರ. ಒಳಗ ಏನಾಗೇತಿ ಅನ್ನೂದು ಬಿಚ್ಚಿದ ಮ್ಯಾಲ” ಎಂದರು.

ಬಿಚ್ಚಿದಾಗ ಕಂಡದ್ದನ್ನು ತಿಳಿಯಬೇಕಾದರೆ ಮೊದಲು ನಮ್ಮ ಎತ್ತಿನ ಬಂಡಿಯನ್ನು ನೆನೆಯಬೇಕು. ಬಂಡಿಯ ಅಚ್ಚು ತಿರುಗುವುದಿಲ್ಲ. ಅದು ಸ್ಥಿರವಾಗಿ ನಿಲ್ಲುತ್ತದೆ, ಗಾಲಿ ಅದರ ಸುತ್ತ ತಿರುಗುತ್ತದೆ. ಎರಡರ ನಡುವಿನ ತಿಕ್ಕಾಟಕ್ಕೆ ನಮ್ಮ ಹಿರಿಯರು ಕೀಲೆಣ್ಣೆ ಹಾಕುತ್ತಿದ್ದರು. ಜೀಪಿನ ಮುಂದಿನ ಗಾಲಿಗೂ ಅಂಥದೇ ಒಂದು ಸ್ಥಿರವಾದ ಅಚ್ಚಿನ ತುಂಡು ಇರುತ್ತದೆ. ಅದಕ್ಕೆ ಸ್ಪಿಂಡಲ್ ಎನ್ನುತ್ತಾರೆ. ಅದರ ಮೈಮೇಲೆ ಒಳಗೊಂದು ಹೊರಗೊಂದು ಹೀಗೆ ಎರಡು ಬೇರಿಂಗುಗಳು ಕುಳಿತು ಗಾಲಿಯ ಭಾರವನ್ನೆಲ್ಲ ಹೊರುತ್ತವೆ. ಆದರೆ ಬಂಡಿಗೂ ನಾಲ್ಕು ಗಾಲಿ ಎಳೆತದ ಜೀಪಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಜೀಪಿನ ಸ್ಪಿಂಡಲ್ ಕೊಳವೆಯಂತೆ ಒಳಗೆ ಪೊಳ್ಳಾಗಿರುತ್ತದೆ. ಇಂಜಿನ್ನಿನ ಎಳೆತವನ್ನು ಗಾಲಿಗೆ ಮುಟ್ಟಿಸುವ ಶಾಫ್ಟ್ ಆ ಪೊಳ್ಳಿನೊಳಗೆ ಹಾಯ್ದುಬಂದು ತಿರುಗುತ್ತದೆ. ಹೊರಗೆ ಗಾಲಿ ತಿರುಗುತ್ತದೆ, ಒಳಗೆ ಶಾಫ್ಟ್ ತಿರುಗುತ್ತದೆ, ನಡುವೆ ಸ್ಪಿಂಡಲ್ ಮಾತ್ರ ಅಲುಗದೆ ನಿಲ್ಲಬೇಕು.

ಆ ಒಳಗಿನ ಶಾಫ್ಟನ್ನು ನಟ್ಟನಡುವೆ ಹಿಡಿದಿಡುವುದು ಸ್ಪಿಂಡಲಿನ ಒಳತುದಿಯಲ್ಲಿ ಕೂಡಿಸಿದ ಒಂದು ಬಳೆ. ಹಳೆಯ ಜೀಪುಗಳಲ್ಲಿ ಅದು ಕಂಚಿನ ಬುಶ್. ಮುಂದೆ ಬಂದ ಹಲವು ವಾಹನಗಳಲ್ಲಿ ಸೂಜಿಯಂಥ ಸಣ್ಣ ಉರುಳೆಗಳಿರುವ ನೀಡಲ್ ಬೇರಿಂಗ್. ಶಾಫ್ಟ್ ಉಕ್ಕಿನದು, ಬುಶ್ ಅದಕ್ಕಿಂತ ಮೆತ್ತಗಿನದು. ತಾನು ಸವೆದು ಶಾಫ್ಟನ್ನು ಉಳಿಸಲೆಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆ. ಅದು ಸವೆಯುವುದು ದೋಷವಲ್ಲ, ಸವೆದದ್ದನ್ನು ಬದಲಿಸದಿರುವುದು ದೋಷ. ಸವೆದ ಬುಶ್ ಹಾಗೇ ಉಳಿದರೆ ಶಾಫ್ಟ್ ಒಲೆದಾಡುತ್ತದೆ, ಆಯಿಲ್ ಸೀಲು ಕೆಡುತ್ತದೆ, ಹಳ್ಳದ ನೀರು ಕೆಸರು ಒಳಗೆ ಸೇರುತ್ತವೆ, ಗ್ರೀಸು ತೊಳೆದುಹೋಗುತ್ತದೆ. ಕೆಟ್ಟ ಸೀಲಿನಿಂದ ಹೊರಬಿದ್ದ ಗ್ರೀಸು ಬ್ರೇಕಿನ ಲೈನರಿಗೆ ತಾಗಿದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ.

ನಮ್ಮ ಜೀಪಿನಲ್ಲಿ ಆದದ್ದೂ ಅದೇ. ಬುಶ್ ಒಂದು ಮಗ್ಗುಲಿಗೆ ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ಬೇರಿಂಗಿನ ಉರುಳೆಗಳ ಮೇಲೆ ತುಕ್ಕಿನ ಚುಕ್ಕೆಗಳೆದ್ದಿದ್ದವು. ಮಿಸ್ತ್ರಿ ಅದನ್ನು ನಮ್ಮ ಅಂಗೈಯಲ್ಲಿಟ್ಟು ತಿರುಗಿಸಿ ತೋರಿಸಿದರು. ಮರಳು ಅರೆದಂತೆ ಕೈಗೆ ತಿಳಿಯುತ್ತಿತ್ತು. “ಎರಡೂ ಮಗ್ಗಲಾ ಬುಶ್, ಬೇರಿಂಗ, ಸೀಲು ಎಲ್ಲಾ ಹೊಸಾವು ಹಾಕಬೇಕ್ರಿ. ಇದು ಪೂರಾ ಕೈ ಕೊಟ್ರ ಗಾಲಿ ಜಾಮ್ ಆಗಬಹುದು, ಇಲ್ಲಾ ಹಬ್ ಸಮೇತ ಕಳಚಬಹುದು” ಎಂದರು.

ಇಲ್ಲಿಯವರೆಗೆ ಇದು ಒಂದು ಯಂತ್ರದ ಕಥೆ. ಇಲ್ಲಿಂದ ಮುಂದೆ ನಮ್ಮ ಕಥೆ.

ಬುಶ್‌ನ ಬೆಲೆ ಸಣ್ಣದು. ಆದರೆ ಅದನ್ನು ಮುಟ್ಟಬೇಕಾದರೆ ಗಾಲಿಯಿಂದ ಹಿಡಿದು ಎಲ್ಲವನ್ನೂ ಬಿಚ್ಚಬೇಕು. ಬೇರಿಂಗು ಸೀಲುಗಳ ಬೆಲೆ, ಎರಡು ದಿನದ ಕೂಲಿ ಎಲ್ಲ ಕೂಡಿದರೆ ಆಗಿನ ನಮ್ಮ ಸ್ಥಿತಿಗೆ ಭಾರವೇ ಆಗಿತ್ತು. ಅಲ್ಲದೆ ಜೀಪನ್ನು ಮಾರಿ ಸಣ್ಣದೊಂದು ಪಿಕಪ್ ಗಾಡಿ ಕೊಳ್ಳಬೇಕೆಂಬ ವಿಚಾರ ಮನೆಯಲ್ಲಿ ಮೊದಲೇ ನಡೆದಿತ್ತು. ಮಾರುವ ಗಾಡಿಗೆ ಇಷ್ಟೊಂದು ಖರ್ಚೇಕೆ ಎನಿಸಿತು. ಮಿಸ್ತ್ರಿಗೆ ಹೇಳಿದೆವು: “ಇದ್ದದ್ದನ್ನೇ ತೊಳೆದು, ಗಟ್ಟಿಯಾಗಿ ಗ್ರೀಸು ತುಂಬಿ ಕೂಡಿಸಿಬಿಡಿ.” ಅವರು ಒಂದು ಗಳಿಗೆ ಸುಮ್ಮನೆ ನಿಂತು, “ಗ್ರೀಸು ತುಂಬಿದ್ರ ನಾಕ ದಿನ ಸಪ್ಪಳ ಅಡಗ್ತೈತ್ರಿ. ತಿಂದುಹೋದ ಬುಶ್ ಏನು ಮತ್ತ ಬೆಳೆಯೂದಿಲ್ಲ” ಎಂದರು. ನಾವು ಉತ್ತರ ಕೊಡಲಿಲ್ಲ. ಅವರು ಹೇಳಿದಂತೆ ಮಾಡಿದರು. ಗಾಲಿಯ ಅಲುಗಾಟ ಕೈಗೆ ತಿಳಿಯದಂತೆ ಒಳಗಿನ ನಟ್ಟನ್ನು ಒಂದಿಷ್ಟು ಹೆಚ್ಚು ಬಿಗಿಯಲೂ ನಾವೇ ಹೇಳಿದೆವು. ಹಾಗೆ ಬಿಗಿದರೆ ಬೇರಿಂಗು ಇನ್ನಷ್ಟು ಕಾದು ಬೇಗ ಹಾಳಾಗುತ್ತದೆಂದು ಅವರು ಆಗಲೇ ತಿಳಿಸಿದ್ದರು.

ಎಂಟು ದಿನದೊಳಗೆ ಗಡಿಯಾಚೆಯ ವಿಜಯಪುರ ಜಿಲ್ಲೆಯಿಂದ, ಆಗಿನ್ನೂ ಬಿಜಾಪುರ ಎನ್ನುತ್ತಿದ್ದರು, ಒಬ್ಬ ಒಕ್ಕಲಿಗರು ಜೀಪು ನೋಡಲು ಬಂದರು. ಇಂಜಿನ್ ಚಾಲೂ ಮಾಡಿ ಕೇಳಿದರು. ಟೈರು, ಬಣ್ಣ, ಹುಡ್ಡು ನೋಡಿದರು. ಕಾಗದಪತ್ರ ತಿರುವಿ ಹಾಕಿದರು. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯಕ್ಕೆ ಹೋಗಬೇಕಾದರೆ ಆರ್.ಟಿ.ಓ. ಕಡೆಯಿಂದ 28ನೆಯ ನಮೂನೆಯ ಎನ್.ಓ.ಸಿ. ಬೇಕು, ಮಾಲಿಕತ್ವ ಬದಲಿಗೆ 29 ಮತ್ತು 30ನೆಯ ನಮೂನೆಗಳು ಬೇಕು ಎಂಬುದು ಗಡಿಯ ಜನಕ್ಕೆಲ್ಲ ಗೊತ್ತು. ಕಾಗದದಲ್ಲಿ ಇಂಜಿನ್ ನಂಬರು ಇರುತ್ತದೆ, ಚಾಸಿ ನಂಬರು ಇರುತ್ತದೆ. ಸ್ಪಿಂಡಲಿನೊಳಗಿನ ಬುಶ್ ಹೇಗಿದೆ ಎಂದು ಬರೆಯುವ ಕಾಲಮು ಯಾವ ನಮೂನೆಯಲ್ಲಿಯೂ ಇಲ್ಲ.

ಅವರು ಮುಂದಿನ ಗಾಲಿಯ ಬಗ್ಗೆ ಏನನ್ನೂ ಕೇಳಲಿಲ್ಲ. ಸಂಚಕಾರದ ಹಣ ಕೈಗಿಟ್ಟು ಒಂದು ಮಾತು ಹೇಳಿದರು: “ಗಾಡಿ ಏನ್ ನೋಡೂದೈತ್ರಿ, ನಿಮ್ಮ ಮನಿತನ ನೋಡಿ ತಗೊಳ್ಳಾಕತ್ತೀನಿ. ಹುಡುಗ್ರು ಸಾಲಿಗೆ ಹೋಗಿ ಬರಾಕ ಅನುಕೂಲ ಆಗ್ತೈತಿ.”

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಈ ಮಾತೇ ಬಂತು. ನಾವು ಮೂವರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಅಂಥ ಸಮಾಧಾನಗಳು ಮೂರು ಬಗೆಯವು. ನಮ್ಮ ಓದುಗರೂ ಎಂದಾದರೊಮ್ಮೆ ಅವುಗಳನ್ನು ಹೇಳಿಕೊಂಡಿರಬಹುದಾದ್ದರಿಂದ ಒಂದೊಂದನ್ನೇ ಇಲ್ಲಿ ಇಟ್ಟು ನೋಡುತ್ತೇವೆ.

ಮೊದಲನೆಯದು: ಕೊಳ್ಳುವವನಿಗೆ ಕಣ್ಣಿಲ್ಲವೆ, ಬೇಕಿದ್ದರೆ ತನ್ನ ಮಿಸ್ತ್ರಿಯನ್ನು ಕರೆತರಬೇಕಿತ್ತು. ಇದರಲ್ಲಿ ಅರ್ಧ ಸತ್ಯವಿದೆ. ನೋಡಿದರೆ ಕಾಣುವುದನ್ನು ನೋಡಿಕೊಳ್ಳುವುದು ಕೊಳ್ಳುವವನ ಹೊಣೆ. ಸವೆದ ಟೈರನ್ನು ನೋಡದೆ ಕೊಂಡರೆ ಅದು ಅವನ ಅಜಾಗರೂಕತೆ. ಆದರೆ ಬುಶ್ ಕಣ್ಣಿಗೆ ಕಾಣುವಂಥದಲ್ಲ. ಕೈಗೆ ತಿಳಿಯಬಹುದಾಗಿದ್ದ ಅಲುಗಾಟವನ್ನು ಸಹ ನಾವು ನಟ್ಟು ಬಿಗಿಸಿ ಮುಚ್ಚಿದ್ದೆವು. ಕಣ್ಣು ಕಟ್ಟಿದವರೇ ಎದುರಿನವನಿಗೆ ಕಣ್ಣಿಲ್ಲವೆ ಎಂದು ಕೇಳುವುದು ಯಾವ ನ್ಯಾಯ?

ಎರಡನೆಯದು: ಎಲ್ಲರೂ ಹೀಗೆಯೇ ಮಾಡುತ್ತಾರೆ, ಹಳೆಯ ಗಾಡಿ ಎಂದ ಮೇಲೆ ಬೆಲೆಯಲ್ಲಿಯೇ ಅದೆಲ್ಲ ಹಿಡಿದಿರುತ್ತದೆ. ಇದೂ ನಿಲ್ಲುವುದಿಲ್ಲ. ಹಳೆಯದೆಂದು ಬೆಲೆ ಇಳಿಯುವುದು ಎಲ್ಲ ಹಳೆಯ ಗಾಡಿಗಳಿಗೂ ಇರುವ ಸಾಮಾನ್ಯ ಸವೆತಕ್ಕೆ. ನಮಗೆ ಗೊತ್ತಿದ್ದದ್ದು ಸಾಮಾನ್ಯ ಸವೆತವಲ್ಲ; ಈ ಗಾಲಿ ದಾರಿಯಲ್ಲಿ ಕೈ ಕೊಡಬಹುದು ಎಂಬ ಸಂಗತಿ. ಅದು ಆ ಬೆಲೆಯಲ್ಲಿ ಸೇರಿರಲಿಲ್ಲ. ಸೇರಿದ್ದರೆ ಮುಚ್ಚಿಡುವ ಅಗತ್ಯವೇ ನಮಗೆ ಬೀಳುತ್ತಿರಲಿಲ್ಲ.

ಮೂರನೆಯದು: ನಾವೇನೂ ಸುಳ್ಳು ಹೇಳಿಲ್ಲ. ನಾಲಗೆಯ ಮಟ್ಟಿಗೆ ಇದು ನಿಜ. ಆದರೆ ಸುಳ್ಳು ಇರುವುದು ನಾಲಗೆಯಲ್ಲಿ ಮಾತ್ರವೆ? ಎದುರಿನವರ ಮನಸ್ಸಿನಲ್ಲಿ ಒಂದು ತಪ್ಪು ತಿಳಿವಳಿಕೆ ಮೂಡಿದೆ ಎಂಬುದು ನಮಗೆ ಗೊತ್ತು. ಅದು ಮೂಡಲೆಂದೇ ನಾವು ಗ್ರೀಸು ತುಂಬಿಸಿದ್ದು. ಅದರಿಂದ ಬರುವ ಲಾಭ ನಮಗೆ, ನಷ್ಟ ಅವರಿಗೆ. ಹೀಗಿರುವಾಗ ಬಾಯಿ ತೆರೆಯದಿದ್ದುದರಿಂದ ಏನು ಉಳಿಯಿತು? ಮೇಲೆ ತಳುಕು ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಇಂಥ ಮೌನಕ್ಕೇ ಇರಬೇಕು.

ನಿಜ ಹೇಳಬೇಕೆಂದರೆ ಅಂದು ರಾತ್ರಿ ಈ ಉತ್ತರಗಳು ನಮಗೆ ಹೊಳೆಯಲಿಲ್ಲ. ಸಮಾಧಾನಗಳು ಮಾತ್ರ ಹೊಳೆದವು. ರೊಟ್ಟಿ ಬಡಿಸುತ್ತಿದ್ದ ನಮ್ಮ ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ಇದ ಗಾಡಿ ನಮ್ಮ ಹುಡುಗಿ ಗಂಡನ ಮನಿಗೆ ಹೋಗೂದಿದ್ರ ಹಿಂಗ ಕೊಡ್ತಿದ್ರೇನೋ?” ಯಾರೂ ಮಾತಾಡಲಿಲ್ಲ. ಊಟ ಮುಗಿಸಿ ಎದ್ದೆವು.

ಮುಂದೆ ಕೆಲವು ವರ್ಷಗಳಾದ ಮೇಲೆ ವಕೀಲಿ ಮಾಡುವ ನಮ್ಮ ನೆಂಟರೊಬ್ಬರಿಗೆ ಈ ಸಂಗತಿ ಹೇಳಿದಾಗ, ಅವರು ನಕ್ಕು, ನಮ್ಮ ಅವ್ವ ಕಾಯಿದೆ ಓದಿದ್ದಳೇನು ಎಂದು ಕೇಳಿದರು. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಮೋಸ ಎಂದರೇನೆಂಬುದನ್ನು ವಿವರಿಸುತ್ತದೆ. ಆ ಕಲಮಿನ ಪ್ರಕಾರ ಬರಿಯ ಮೌನ ಮೋಸವಲ್ಲ. ಆದರೆ ಸಂದರ್ಭವನ್ನು ನೋಡಿದಾಗ ಮಾತನಾಡುವುದೇ ಕರ್ತವ್ಯವಾಗಿದ್ದರೆ, ಇಲ್ಲವೆ ಆ ಮೌನವೇ ಮಾತಿಗೆ ಸಮನಾಗಿದ್ದರೆ, ಆಗ ಅದು ಮೋಸವೇ. ಇದನ್ನು ತಿಳಿಸಲು ಕಾಯಿದೆಯಲ್ಲಿಯೇ ಒಂದು ಕುದುರೆಯ ಉದಾಹರಣೆ ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಗೆ ಊನವಿದೆಯೆಂದು ತಿಳಿದೂ ಅದನ್ನು ಲಿಲಾವಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ಮೋಸವಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಈಗಷ್ಟೇ ವಯಸ್ಸಿಗೆ ಬಂದಿದ್ದರೆ? ಆಗ ಆ ಸಂಬಂಧದ ಕಾರಣದಿಂದ ಊನವನ್ನು ತಿಳಿಸುವುದು ಅವನ ಕರ್ತವ್ಯವಾಗುತ್ತದೆ. ಇನ್ನು ಕೊಳ್ಳುವವನು, ‘ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ’ ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಕಾಯಿದೆಗೆ ಒಂದು ಮಿತಿಯಿದೆ. ಅದು ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಮಗಳಿಗೆ ಹೇಳಬೇಕು, ಲಿಲಾವಿನಲ್ಲಿ ನಿಂತ ಅಪರಿಚಿತನಿಗೆ ಹೇಳಬೇಕಿಲ್ಲ ಎಂದು ಅದು ಗೆರೆ ಎಳೆಯಿತು. ಆದರೆ ನೀತಿಯ ಪ್ರಶ್ನೆ ಶುರುವಾಗುವುದೇ ಆ ಗೆರೆಯ ಹತ್ತಿರ. ಕುದುರೆಯ ಊನ ಎರಡೂ ಕಡೆಗೆ ಒಂದೇ. ಬಿದ್ದರೆ ಆಗುವ ಗಾಯವೂ ಒಂದೇ. ಬದಲಾದದ್ದು ಕೊಳ್ಳುವವರು ನಮಗೆ ಏನಾಗಬೇಕು ಎಂಬುದಷ್ಟೆ. ಮಗಳ ಮಕ್ಕಳು ಕೂಡುವ ಸೀಟಿಗೂ ಪರರ ಮಕ್ಕಳು ಕೂಡುವ ಸೀಟಿಗೂ ಕೆಳಗಿರುವ ಗಾಲಿ ಒಂದೇ ಅಲ್ಲವೆ? ನಮ್ಮ ಅವ್ವ ಕೇಳಿದ್ದು ಇದನ್ನೇ. ಅಲ್ಲದೆ ‘ಮನಿತನ ನೋಡಿ ತಗೊಳ್ಳಾಕತ್ತೀನಿ’ ಎಂದು ಅವರು ಹೇಳಿದ ಮೇಲೆ ಅವರು ಅಪರಿಚಿತರಾಗಿಯೂ ಉಳಿಯಲಿಲ್ಲ. ಅವರು ಕೇಳಬೇಕಾದುದನ್ನೆಲ್ಲ ಆ ಒಂದು ಮಾತಿನಲ್ಲಿಯೇ ಕೇಳಿಬಿಟ್ಟಿದ್ದರು. ನಾವು ಉತ್ತರ ಕೊಟ್ಟಿರಲಿಲ್ಲ, ಅಷ್ಟೆ.

ಮರುದಿನ ಮುಂಜಾನೆ ಬಸ್ಸು ಹತ್ತಿ ಅವರ ಊರಿಗೆ ಹೋದೆವು. ಇದ್ದದ್ದನ್ನು ಇದ್ದಂತೆ ಹೇಳಿದೆವು. ಬೇಕಾದರೆ ಎರಡೂ ಗಾಲಿಗಳ ಬುಶ್ ಬೇರಿಂಗು ನಮ್ಮ ಖರ್ಚಿನಲ್ಲಿ ಹಾಕಿಸಿ ಕೊಡುತ್ತೇವೆ, ಬೇಡವಾದರೆ ಸಂಚಕಾರ ತಿರುಗಿ ತೆಗೆದುಕೊಳ್ಳಿರಿ ಎಂದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, “ನಿನ್ನೇನ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?” ಎಂದರು. ಚಹಾ ಕೊಟ್ಟರು. ಸಂಚಕಾರದ ಹಣ ಎಣಿಸಿ ತೆಗೆದುಕೊಂಡರು. ಜೀಪು ಬೇಡವೆಂದರು.

ಸತ್ಯ ಹೇಳಿದವರಿಗೆ ಕೊನೆಗೆ ಲಾಭವೇ ಆಗುತ್ತದೆಂಬ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಇದು ಅಂಥ ಕಥೆಯಲ್ಲ. ನಮಗೆ ಗಿರಾಕಿ ಹೋಯಿತು. ರಿಪೇರಿಯ ಖರ್ಚು ಬಂತು. ಜೀಪು ಮಾರಾಟವಾದದ್ದು ಆರು ತಿಂಗಳ ಮೇಲೆ, ಅದೂ ಮೊದಲಿಗಿಂತ ಕಡಿಮೆ ಬೆಲೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು ರಾತ್ರಿಯ ತಡ ನಮ್ಮ ಹೆಸರಿನ ಮೇಲೆ ಉಳಿಯಿತು. ಕೇಳುವ ಮೊದಲೇ ಹೇಳಿದ ಮಾತಿಗೆ ಇರುವ ಬೆಲೆ, ಒಂದು ದಿನ ಬಿಟ್ಟು ಹೇಳಿದ ಮಾತಿಗೆ ಇರುವುದಿಲ್ಲ. ಆದರೂ ಹೇಳದಿರುವುದಕ್ಕಿಂತ ತಡವಾಗಿ ಹೇಳಿದ್ದು ಮೇಲಾಯಿತೆಂದು ಇಂದಿಗೂ ಎನಿಸುತ್ತದೆ. ಏಕೆಂದರೆ ಆ ಮೇಲೆ ಗಡಿಯಾಚೆಯ ದಾರಿಯಲ್ಲಿ ಜೀಪಿನ ಅಪಘಾತವೆಂದು ಎಂದಾದರೂ ಸುದ್ದಿ ಬಂದರೆ, ನಮ್ಮ ಎದೆ ನಡುಗುವ ಕಾರಣ ಇರಲಿಲ್ಲ.

ಇನ್ನೊಂದು ಲೆಕ್ಕ ಬಾಕಿಯಿತ್ತು. ಅದು ಮಿಸ್ತ್ರಿಯದು. ಮುಚ್ಚುವ ಮನಸ್ಸು ನಮ್ಮದು, ಮುಚ್ಚಿದ ಕೈ ಅವರದು. ತಪ್ಪು ಯಾರದು? ಹೇಳಿದ್ದು ಮಾಲಕ, ಮಾಡಿದ್ದು ಕೆಲಸಗಾರ ಎಂದು ಇಬ್ಬರೂ ಜಾರಿಕೊಳ್ಳಬಹುದು. ನಮಗೆ ತಿಳಿದ ಮಟ್ಟಿಗೆ ದೊಡ್ಡ ಪಾಲು ಹೇಳಿದವರದು. ಏಕೆಂದರೆ ಅವರು ದೋಷವನ್ನು ಅಂಗೈಯಲ್ಲಿಟ್ಟು ತೋರಿಸಿದ್ದರು, ಪರಿಣಾಮವನ್ನೂ ಹೇಳಿದ್ದರು. ಕಾಯಕ ಎಂಬ ಶಬ್ದವನ್ನು ನಾವು ಬಾಯಿತುಂಬ ಬಳಸುತ್ತೇವೆ. ಆದರೆ ಇನ್ನೊಬ್ಬರ ಕಾಯಕವನ್ನು ಹಣ ಕೊಟ್ಟು ಕೆಡಿಸುವುದೂ ಒಂದು ಅಪರಾಧವೆಂಬುದು ನಮಗೆ ಅಂದು ಹೊಳೆದಿರಲಿಲ್ಲ. ಹೋಗಿ ಅವರ ಮುಂದೆ ತಪ್ಪಾಯಿತೆಂದು ಹೇಳಿ, ಎಲ್ಲ ಸರಿಯಾಗಿ ಮಾಡಿರೆಂದು ಕೇಳಿಕೊಂಡೆವು.

ಆ ಎರಡು ದಿನ ನಾವೂ ಅಲ್ಲಿಯೇ ಕುಳಿತು ನೋಡಿದೆವು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನ ಮೇಲಷ್ಟೇ ಬಿಡದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಗಾಲಿ, ಬ್ರೇಕ್ ಡ್ರಮ್ ತೆಗೆದರು. ಮುಚ್ಚಳ, ಫ್ಲ್ಯಾಂಜು ಬಿಚ್ಚಿ, ಲಾಕ್ ವಾಷರಿನ ಮಡಿಕೆ ನೆಟ್ಟಗೆ ಮಾಡಿ, ಎರಡು ನಟ್ಟುಗಳನ್ನು ಒಂದೊಂದಾಗಿ ತಿರುವಿ ಹಬ್ ಎಳೆದರು. ಸ್ಪಿಂಡಲನ್ನು ಹಿಡಿದ ಬೋಲ್ಟುಗ‌ಳನ್ನು ತೆಗೆದು, ಕಬ್ಬಿಣದ ಸುತ್ತಿಗೆ ತಾಗಿಸದೆ ಕಟ್ಟಿಗೆಯ ತುಂಡು ಇಟ್ಟು ಮೆಲ್ಲಗೆ ಬಡಿದು ಸಡಿಲಿಸಿದರು. ಹಳೆಯ ಬುಶ್ ಹೊರಡಿಸಿ, ಒಳಮೈಯನ್ನು ಒರೆಸಿ, ಹೊಸ ಬುಶ್ಶನ್ನು ಅದರ ಅಳತೆಯದೇ ಕಬ್ಬಿಣದ ಗುಂಡು ಇಟ್ಟು ನೇರವಾಗಿ ಒತ್ತಿ ಕೂಡಿಸಿದರು. ಓರೆಯಾಗಿ ಕುಳಿತರೆ ಹೊಸ ಬುಶ್ಶೂ ಬೇಗ ತಿಂದುಹೋಗುತ್ತದಂತೆ. ಬೇರಿಂಗು ಬದಲಿಸುವಾಗ ಉರುಳೆಗಳನ್ನಷ್ಟೇ ಅಲ್ಲ, ಅವು ಓಡುವ ಹೊರಬಳೆಯನ್ನೂ ಜೊತೆಗೇ ಬದಲಿಸಿದರು. ಹಳೆಯ ಬಳೆಯ ಗಾಯ ಹೊಸ ಉರುಳೆಯನ್ನು ಕೆಡಿಸುತ್ತದೆ. ಅಂಗೈಯಲ್ಲಿ ಗ್ರೀಸು ಹಾಕಿಕೊಂಡು, ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಉರುಳೆಗಳ ಸಂದಿನಿಂದ ಆಚೆಗೆ ಗ್ರೀಸು ಹೊರಡುವವರೆಗೆ ತುಂಬಿದರು.

ಕೊನೆಗೆ ಒಳಗಿನ ನಟ್ಟು. ಗಾಲಿಯನ್ನು ತಿರುಗಿಸುತ್ತ ತಿರುಗಿಸುತ್ತ, ಅದು ಬಿಗಿದು ನಿಲ್ಲುವವರೆಗೆ ನಟ್ಟನ್ನು ಬಿಗಿದರು. ಆಮೇಲೆ ಹಳೆಯ ವಿಲ್ಲಿಸ್ ಮಾದರಿಗೆ ಹೇಳಿರುವಂತೆ ಸುಮಾರು ಆರನೆಯ ಒಂದು ಸುತ್ತು ಸಡಿಲು ಬಿಟ್ಟರು. ಗಾಲಿ ಸಲೀಸಾಗಿ ತಿರುಗಿತು, ಅಲುಗಾಟವೂ ಇರಲಿಲ್ಲ. ಹಿಂದೆ ದೋಷ ಮುಚ್ಚಲು ನಾವು ಬಿಗಿಸಿದ್ದೂ ಇದೇ ನಟ್ಟನ್ನು. ಕೈ ಅದೇ, ಪಾನಾ ಅದೇ. ಬಿಗಿಯುವ ಉದ್ದೇಶ ಮಾತ್ರ ಬೇರೆ. ಕೆಲಸ ಮುಗಿದ ಮೇಲೆ ಮಿಸ್ತ್ರಿ ತೆಗೆದ ಹಳೆಯ ಸಾಮಾನನ್ನೆಲ್ಲ ಒಂದು ಕಾಗದದಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟರು. “ಹಾಕಿದ್ದು ನಿಮಗ ಕಾಣಂಗಿಲ್ಲ, ತಗದದ್ದರ ನೋಡ್ರಿ” ಎಂದರು. ಕಾಣದ ಕೆಲಸ ಮಾಡುವವರು ತಮ್ಮ ಪ್ರಾಮಾಣಿಕತೆಗೆ ಸಾಕ್ಷಿ ಕೊಡುವ ಬಗೆ ಇದು. ಈಗ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಸೇವೆ ಕೊಡುವವನು ಗ್ರಾಹಕನಿಗೆ ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದನ್ನೂ ಸೇವೆಯ ನ್ಯೂನತೆಯೆಂದು ಎಣಿಸುತ್ತದೆ. ನಮ್ಮ ಮಿಸ್ತ್ರಿ ಅದಕ್ಕಿಂತ ಎಷ್ಟೋ ಮೊದಲೇ ಆ ಕಾಗದದ ಪೊಟ್ಟಣ ಕಟ್ಟುತ್ತಿದ್ದರು.

ಹಾಗಾದರೆ ವ್ಯಾಪಾರದಲ್ಲಿ ಎಲ್ಲವನ್ನೂ ಹೇಳಬೇಕೆ ಎಂದು ವ್ಯಾಪಾರಸ್ಥ ಬಂಧುಗಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಎಲ್ಲವನ್ನೂ ಹೇಳಬೇಕೆಂದರೆ ಅಂಗಡಿ ನಡೆಯುವುದಿಲ್ಲ. ನಾವು ಕೊಂಡ ದರ ಎಷ್ಟು, ನಾಳೆ ಪೇಟೆಯಲ್ಲಿ ಧಾರಣೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ನಮ್ಮ ಅಂದಾಜು, ಇವನ್ನು ಗಿರಾಕಿಯ ಮುಂದೆ ಬಿಚ್ಚಿಡಬೇಕಿಲ್ಲ. ಮೇಲೆ ಹೇಳಿದ ಕಲಮಿನಲ್ಲಿಯೇ ಇದಕ್ಕೂ ಉದಾಹರಣೆಯಿದೆ. ಇಬ್ಬರು ವ್ಯಾಪಾರಿಗಳ ನಡುವೆ, ಧಾರಣೆ ಬದಲಾದ ಸುದ್ದಿ ಒಬ್ಬನಿಗೆ ಖಾಸಗಿಯಾಗಿ ತಿಳಿದಿದ್ದರೆ ಅದನ್ನು ಇನ್ನೊಬ್ಬನಿಗೆ ತಿಳಿಸುವ ಬಂಧನ ಅವನಿಗಿಲ್ಲ. ಜಾಣತನದಿಂದ ಲಾಭ ಪಡೆಯುವುದು ಪಾಪವಲ್ಲ.

ನಾವು ಕಂಡುಕೊಂಡ ಅಳತೆ ಮೂರು ಪ್ರಶ್ನೆಗಳದು. ಈ ದೋಷ ನಮಗೆ ಖಚಿತವಾಗಿ ಗೊತ್ತಿದೆಯೆ? ಕೊಳ್ಳುವವರು ತಕ್ಕಷ್ಟು ಎಚ್ಚರದಿಂದ ನೋಡಿದರೂ ಅದು ಅವರಿಗೆ ಕಾಣದಂಥದೆ? ಅದರಿಂದ ಅವರ ಜೀವಕ್ಕೋ ಜೀವನಕ್ಕೋ ಪೆಟ್ಟು ಬೀಳುವುದೆ? ಮೂರಕ್ಕೂ ಹೌದೆಂದು ಉತ್ತರ ಬಂದರೆ, ಅವರು ಕೇಳಲಿ ಬಿಡಲಿ, ನಾವು ಹೇಳಲೇಬೇಕು. ಧಾರಣೆಯ ಅಂದಾಜು ಈ ಅಳತೆಯಲ್ಲಿ ಹೊರಗುಳಿಯುತ್ತದೆ. ಮೊಳೆಯದ ಬೀಜ, ಬೇಸಿಗೆಯಲ್ಲಿ ಬತ್ತುವ ಬೋರು, ಮಲಗುವ ಎತ್ತು, ಸವೆದ ಬುಶ್ ಒಳಗೆ ಬರುತ್ತವೆ. ಎಲ್ಲಿಯಾದರೂ ಸಂಶಯ ಉಳಿದರೆ ನಮ್ಮ ಅವ್ವನ ಪ್ರಶ್ನೆ ಇದ್ದೇ ಇದೆ.

ಗಡಿಯಲ್ಲಿ ಬದುಕುವ ನಮಗೆ ಇದು ಇನ್ನಷ್ಟು ಹತ್ತಿರದ ಮಾತು. ಒಂದು ಹಳ್ಳ ದಾಟಿದರೆ ರಾಜ್ಯ ಬದಲಾಗುತ್ತದೆ, ಬೋರ್ಡಿನ ಲಿಪಿ ಬದಲಾಗುತ್ತದೆ, ಆರ್.ಟಿ.ಓ. ಬದಲಾಗುತ್ತದೆ, ಕೋರ್ಟು ಬದಲಾಗುತ್ತದೆ. ಮಾರಿದ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಕೇಳುವುದು ಸುಲಭವಲ್ಲ. ಆದರೂ ಎತ್ತು, ಹೊಲ, ಕಾಳು, ಗಾಡಿ ಎಲ್ಲ ಇತ್ತಿಂದತ್ತ ಅತ್ತಿಂದಿತ್ತ ನಡೆದೇ ಇವೆ. ಅವು ನಡೆದಿರುವುದು ‘ನಿಮ್ಮ ಮನಿತನ ನೋಡಿ’ ಎಂಬ ಒಂದು ಮಾತಿನ ಮೇಲೆ. ಆ ಮಾತು ಯಾವ ಕಾಗದದಲ್ಲಿಯೂ ಬರೆದಿಲ್ಲ. ಅದು ಸವೆದುಹೋದರೆ ಮೊದಮೊದಲು ಸಪ್ಪಳವೂ ಕೇಳಿಸುವುದಿಲ್ಲ.

ಆ ಹಳೆಯ ಬುಶ್ ಇಂದಿಗೂ ನಮ್ಮ ಮನೆಯ ಗೂಡಿನಲ್ಲಿದೆ. ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಕಾಗದ. ಮನೆಯಲ್ಲಿ ಏನನ್ನಾದರೂ ಮಾರುವ ಮಾತು ಬಂದಾಗ ಮಕ್ಕಳು ಅದನ್ನು ತೋರಿಸಿ ನಗುತ್ತಾರೆ. ನಗಲಿ. ಆದರೆ ಮಾರುವ ಮುಂಚೆ ಒಮ್ಮೆ ಅದರ ಕಡೆಗೆ ನೋಡಲಿ ಎಂಬುದಷ್ಟೇ ನಮ್ಮ ಆಶೆ. ಓದುಗ ಬಂಧುಗಳಲ್ಲಿಯೂ ನಮ್ಮ ವಿನಂತಿ ಅದೇ.